ಗಿಡ ಏನಾಯ್ತು ಅಂತ ತಿರುಗಿ ಕೇಳಿ

ತಾರಸಿ ತೋಟವೋ ಹಕ್ಕಿ ನೋಡೋದೋ, ಹವ್ಯಾಸದ ವಾಟ್ಸಾಪ್ ಗ್ರೂಪ್ ನಡೆಸೋರು ಇದೊಂದು ಮಾಡಿ ನೋಡಿ: ಯಾರಾದರೂ ಪ್ರಶ್ನೆ ಕೇಳಿ ಉತ್ತರ ಪಡೆದ ಹದಿನೈದು ದಿನಕ್ಕೆ, ಅದೇ ಮೆಸೇಜಿಗೆ ರಿಪ್ಲೈ ಒತ್ತಿ "ಏನಾಯ್ತು? ಒಂದು ಫೋಟೋ ಹಾಕಿ" ಅಂತ ಕೇಳಿ. ಮೆಸೇಜಿಗೆ ಆಗಲೇ ಸ್ಟಾರ್ ಹಾಕಿಟ್ಟುಕೊಂಡರೆ ಹುಡುಕೋ ಕಷ್ಟ ಇಲ್ಲ. ಗುಡ್ ಮಾರ್ನಿಂಗ್ ಕಾಟಕ್ಕೆ ಜನ ದೂರ ಆಗ್ತಾರೆ ಅಂದುಕೊಳ್ತೀವಿ; ಅದಕ್ಕೆ ಮ್ಯೂಟ್ ಇದೆ. ನನ್ನ ಪ್ರಕಾರ ಮೊದಲು ಸುಮ್ಮನಾಗೋರು ವಿಷಯ ಚೆನ್ನಾಗಿ ಗೊತ್ತಿರೋರೇ. ಪ್ರತಿ ಬೇಸಿಗೆಯಲ್ಲೂ ದಾಸವಾಳಕ್ಕೆ ಹಿಟ್ಟು ತಿಗಣೆ (ಬಿಳಿ ಹಿಟ್ಟು ಅಂಟಿದಂತೆ ಕಾಣೋ, ರಸ ಹೀರೋ ಹುಳ) ಬಂತು ಅಂತ ಯಾರೋ ಕೇಳ್ತಾರೆ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಬೆರೆಯೋಕೆ ನಾಲ್ಕು ಹನಿ ಸೋಪಿನ ದ್ರಾವಣ, ಬಿಸಿಲಿಳಿದ ಮೇಲೆ ಎಲೆ ಅಡಿಗೂ ಸಿಂಪಡಿಸಿ ಅಂತ ಈ ಗೊತ್ತಿರೋರು ಪಾಪ ಪೂರ್ತಿ ಟೈಪ್ ಮಾಡ್ತಾರೆ. ಕೈಮುಗಿಯೋ ಇಮೋಜಿ ಒಂದು ಬರುತ್ತೆ, ಅಷ್ಟೇ. ಗಿಡ ಉಳೀತೋ ಹೋಯ್ತೋ ಗೊತ್ತಾಗಲ್ಲ. ಹಾಗಾದರೆ ಎಷ್ಟು ವರ್ಷ ಅಂತ ಹೇಳ್ತಾರೆ? ಫಲಿತಾಂಶ ಬಂದರೆ ಅವರಿಗೂ ಹೊಸದೇನೋ ಸಿಗುತ್ತೆ, ಮುಂದಿನ ಸಲ ಅದೇ ಪ್ರಶ್ನೆಗೆ ಹಳೇ ಫೋಟೋನೇ ಉತ್ತರ. ಗಿಡ ಸತ್ತವರು ಮಾತ್ರ ಸಂಕೋಚಕ್ಕೆ ಬಾಯಿ ಬಿಡಲ್ಲ, ಅವರನ್ನ ಬೇರೆಯಾಗಿ ಕೇಳಿ. ಪ್ರಶ್ನೆಗಳ ಮಳೆ ಸುರಿಯೋ ದೊಡ್ಡ ಗ್ರೂಪಿನಲ್ಲಿ ಇದು ಆಗದ ಕೆಲಸ. ಇನ್ನು ಮಲ್ಲೇಶ್ವರದ ಸ್ವಂತ ಮನೆ ಬಿಟ್ಟು ಬಿಸಿಲೇ ಬೀಳದ ಫ್ಲ್ಯಾಟಿಗೆ ಹೋದವರು ಗ್ರೂಪಿಂದಲೂ ಜಾರಿದರೆ ಬಿಡಿ, ಅವರನ್ನ ಎಳೆದು ಕೂರಿಸೋಕೆ ಹೋಗಬೇಡಿ.