ಸಿಮ್ಯುಲೇಟರಿನಲ್ಲಿ ಹೆಲಿಕಾಪ್ಟರನ್ನು ನಯವಾಗಿ ಮೇಲೆಬ್ಬಿಸುವ ಬಗೆ

ಅಭ್ಯಾಸಕ್ಕೆ ಬೆಂಗಳೂರಿನ ಜಕ್ಕೂರು ಏರೋಡ್ರೋಮನ್ನೇ ಆರಿಸಿಕೊಳ್ಳಬಹುದು. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ, ಕರಾವಳಿಯಲ್ಲಿ ಸಾಕಾಗುವುದಕ್ಕಿಂತ ಹೆಚ್ಚು ಶಕ್ತಿ ಇಲ್ಲಿ ಬೇಕಾಗುತ್ತದೆ.

ಮೊದಲು ಗಾಳಿಗೆ ಮುಖಮಾಡಿ ನಿಂತು, ಎಡಗೈಯಲ್ಲಿರುವ, ಹೆಲಿಕಾಪ್ಟರನ್ನು ಮೇಲೇರಿಸಿ ಇಳಿಸುವ ಕಲೆಕ್ಟಿವ್ ಸನ್ನೆಕೋಲನ್ನು ಕೂದಲೆಳೆಯಷ್ಟಷ್ಟೇ ಎತ್ತುತ್ತಾ ಹೋಗಿ, ಯಂತ್ರ ಹಗುರಾದಂತೆ ಕಂಡೊಡನೆ ಅಲ್ಲಿಯೇ ತಡೆಯಬೇಕು. ಹೊಸಬರು ಎಡವುವುದು ಈ ಘಳಿಗೆಯಲ್ಲಿಯೇ, ಏಕೆಂದರೆ ಶಕ್ತಿ ಹೆಚ್ಚಿದಂತೆ ಮೂತಿ ತಿರುಗತೊಡಗುತ್ತದೆ. ಮೇಲಿನಿಂದ ನೋಡಿದಾಗ ರೋಟರ್ (ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳು) ಅಪ್ರದಕ್ಷಿಣವಾಗಿ ಸುತ್ತುವ ಬೆಲ್ 407ರಲ್ಲಿ ಮೂತಿ ಬಲಕ್ಕೆ ಹೊರಳುವುದರಿಂದ ಎಡ ಪೆಡಲನ್ನೂ, ಪ್ರದಕ್ಷಿಣವಾಗಿ ಸುತ್ತುವ ಕ್ಯಾಬ್ರಿ ಜಿ2ರಲ್ಲಿ ಬಲ ಪೆಡಲನ್ನೂ ಒತ್ತಬೇಕು. ಬೆಲ್ ಬಲಕ್ಕೆ ಜಾರುವುದನ್ನು ಸೈಕ್ಲಿಕ್ಕನ್ನು, ಅಂದರೆ ಬಲಗೈಯಲ್ಲಿ ಹಿಡಿಯುವ ಸ್ಟಿಕ್ಕನ್ನು, ತುಸು ಎಡಕ್ಕೆ ವಾಲಿಸಿ ತಡೆಯಬಹುದು. ಕಣ್ಣು ಮೀಟರುಗಳ ಮೇಲಲ್ಲ, ದೂರದ ದಿಗಂತದ ಮೇಲಿರಲಿ. ಸ್ಟಿಕ್ಕನ್ನು ಬಿಗಿಹಿಡಿದವರ ಹೆಲಿಕಾಪ್ಟರ್ ತೊಟ್ಟಿಲಿನಂತೆ ತೂಗುತ್ತದೆ (ನನ್ನದೂ ಬಹಳ ದಿನ ತೂಗಿತ್ತು).

ನಾಲ್ಕೈದು ಅಡಿ ಎತ್ತರದಲ್ಲಿ ಅಲುಗದೆ ನಿಲ್ಲುವುದು ರೂಢಿಯಾದ ಮೇಲೆ ಸೈಕ್ಲಿಕ್ಕನ್ನು ಅಲ್ಪವೇ ಮುಂದಕ್ಕೆ ಒತ್ತಿರಿ. ವೇಗ 16ರಿಂದ 24 ನಾಟ್‌ಗಳಿಗೆ ಏರುವಾಗ ರೋಟರಿಗೆ ಕದಡದ ಗಾಳಿ ಸಿಕ್ಕಿ ಎತ್ತುವ ಬಲ ತಾನಾಗಿಯೇ ಹೆಚ್ಚುತ್ತದೆ. ಆಗ ಮೂತಿ ಮೇಲೇಳದಂತೆ ಸೈಕ್ಲಿಕ್ಕನ್ನು ಇನ್ನಷ್ಟು ಮುಂದಕ್ಕೆ ಹಿಡಿದಿರಬೇಕು.