ಬಾಣೆಯಲ್ಲಿ ನಮ್ಮ ಮನೆಯವರ ಕುದುರೆ ರೇಸು

ಬೆಟ್ಟದ ಮೇಲೆ ಕುದುರೆ ರೇಸು ಮಾಡೋಣ ಅಂತ ಮೊದಲು ಹೇಳಿದ್ದು ನನ್ನ ತಮ್ಮನ ಮಗಳು. ಅವಳಿಗೆ ಎಂಟು ವರ್ಷ. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಗೋಣಿಕೊಪ್ಪಲಿನ ನೆಂಟರ ಮನೆಗೆ ಹೋದಾಗ ಅವಳನ್ನು ಕುಂದ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ತಲಕಾವೇರಿಯಲ್ಲಿ ತೀರ್ಥೋದ್ಭವ ಆದ ಮರುದಿನ ಅಲ್ಲಿ ಬೋಡ್ ನಮ್ಮೆ, ಅಂದರೆ ವೇಷ ಹಾಕಿ ಹಾಡುವ ದೇವರ ಹಬ್ಬ. ದಕ್ಷಿಣ ಕೊಡಗಿನ ಬೋಡ್ ಹಬ್ಬಗಳು ಶುರುವಾಗುವುದೇ ಅಲ್ಲಿಂದ. ಬಿದಿರು, ಬಟ್ಟೆಯಲ್ಲಿ ಕಟ್ಟಿದ ಕುದುರೆ ತೊಟ್ಟವರು ಬೆಟ್ಟ ಹತ್ತಿ ಬರುವುದನ್ನು ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಮನೆಗೆ ಬಂದ ಮೇಲೆ ಒಂದೇ ಹಟ. "ಅತ್ತೆ, ನಮ್ಮ ಬೆಟ್ಟದಲ್ಲೂ ಕುದುರೆ ಓಡಿಸೋಣ."

ನಮ್ಮದು ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿ ಕಡೆ. ಮನೆಯ ಹಿಂದೆ ತೋಟ, ತೋಟದ ಮೇಲೆ ಬಾಣೆ, ಅಂದರೆ ಹುಲ್ಲು ಬೆಳೆದ ಬೋಳು ಗುಡ್ಡ. ಅಲ್ಲಿ ನಿಂತರೆ ಎದುರಿಗೆ ಪುಷ್ಪಗಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಅಂದರೆ ಮಳೆಯೇ. ಅರೇಬಿಕಾ ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿಲ್ಲ, ಅದರ ಬೆನ್ನಿಗೇ ಹುತ್ತರಿ ಹಬ್ಬ, ಭತ್ತದ ಕೊಯ್ಲು. ಮಧ್ಯೆ ಸಿಗುವುದು ತುಲಾ ಸಂಕ್ರಮಣದ ಆಸುಪಾಸಿನ ಎರಡು ಮೂರು ವಾರ ಮಾತ್ರ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಬೆಳಗ್ಗೆ ಬಿಸಿಲು ಹಿತವಾಗಿರುತ್ತದೆ. ಹಾಗಾಗಿ ತೀರ್ಥೋದ್ಭವ ಆದ ಮುಂದಿನ ಭಾನುವಾರ ಅಂತ ದಿನ ಗೊತ್ತುಮಾಡಿದೆವು.

ನಿಜವಾದ ಕುದುರೆಯನ್ನೇ ಬಾಡಿಗೆಗೆ ತರಿಸೋಣ ಅಂತ ತಮ್ಮ ಹೇಳಿದ. ನಾನು ಖಡಾಖಂಡಿತ ಬೇಡ ಅಂದೆ. ಮಳೆಗಾಲ ಮುಗಿದ ಬಾಣೆಯ ಹುಲ್ಲು ಮೇಲಿಂದ ಒಣಗಿದ ಹಾಗೆ ಕಂಡರೂ ಬುಡದಲ್ಲಿ ಜಾರುತ್ತದೆ. ಗೊತ್ತಿಲ್ಲದ ಇಳಿಜಾರಿನಲ್ಲಿ ಕುದುರೆಯ ಕಾಲು ಉಳುಕಿದರೂ ಆ ಪಾಪ ನಮ್ಮದೇ. ಮೇಲೆ ಕೂತ ಮಕ್ಕಳ ಗತಿ ಏನು? ಕುದುರೆ ಬಿದಿರಿನದ್ದೇ ಆಗಲಿ ಅಂತ ತೀರ್ಮಾನವಾಯಿತು.

ಗೋಣಿಕೊಪ್ಪಲಿನ ನೆಂಟರ ಪಕ್ಕದ ಮನೆಯ ಹಿರಿಯರಿಗೆ ಫೋನ್ ಮಾಡಿ ಒಂದು ಮಾತು ಕೇಳಿದೆ. ಅವರು ಹೇಳಿದ್ದು ಇಷ್ಟೇ: "ಆಟಕ್ಕೆ ಕಟ್ಟಿಕೊಳ್ಳಿ ಅಮ್ಮಾ, ತೊಂದರೆ ಇಲ್ಲ. ಆದರೆ ಬೋಡ್ ಕುದುರೆ ದೇವರ ಕೆಲಸಕ್ಕೆ ಕಟ್ಟುವುದು, ಅದರ ಹಾಗೆ ಮಾಡಬೇಡಿ." ನನಗೂ ಅದು ಸರಿ ಅನ್ನಿಸಿತು. ಹಾಗಾಗಿ ನಮ್ಮ ಕುದುರೆಗಳಿಗೆ ಹಳೇ ಸೀರೆಯ ಬಣ್ಣಬಣ್ಣದ ಬಟ್ಟೆ ಹಾಕಿದೆವು. ಬೋಡ್ ಹಾಡು, ವೇಷ ಯಾವುದನ್ನೂ ಮುಟ್ಟಲಿಲ್ಲ.

ಕುದುರೆ ಕಟ್ಟುವುದರಲ್ಲಿ ನಾನು ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಯಾರಾದರೂ ಮಾಡುವುದಾದರೆ ಒಂದು ವಾರದ ಕೆಲಸ ಉಳಿಯುತ್ತದೆ. ಕೀಲುಕುದುರೆ ನೋಡಿದವರಿಗೆ ಆಕಾರ ಗೊತ್ತಿರುತ್ತದೆ. ಮಧ್ಯದಲ್ಲಿ ಮನುಷ್ಯ ನಿಲ್ಲುವಷ್ಟು ಜಾಗ, ಮುಂದೆ ತಲೆ, ಹಿಂದೆ ಬಾಲ, ಹೆಗಲಿಗೆ ಎರಡು ಪಟ್ಟಿ. ನನ್ನ ಮೊದಲನೇ ಕುದುರೆ ದಪ್ಪ ಬಿದಿರಿನದ್ದು. ತೂಗಿ ನೋಡಿದರೆ 4 ಕಿಲೋ. ಅದನ್ನು ಹೊತ್ತು ನಡೆಯಬಹುದು, ಓಡಲು ಆಗುವುದಿಲ್ಲ. ಎರಡನೆಯದಕ್ಕೆ ನಮ್ಮ ತೋಟದ ಅಂಚಿನ ವಾಟೆ ಬಿದಿರು ಸೀಳಿ ಬಳಸಿದೆ. ವಾಟೆ ತೆಳು, ಹಗುರ, ಹಸಿ ಇದ್ದಾಗ ಹೇಳಿದ ಹಾಗೆ ಬಾಗುತ್ತದೆ. ಸೀಳಿದ ಪಟ್ಟಿಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಅದನ್ನು ಕತ್ತಿಯಿಂದ ಹೆರೆದು ಗಾಜಿನ ಚೂರಿನಿಂದ ನಯ ಮಾಡಲೇಬೇಕು. ಸೊಂಟದ ಹತ್ತಿರ ಒಂದು ಬಳೆ, ಅದರಿಂದ ಒಂದು ಅಡಿ ಕೆಳಗೆ ಇನ್ನೊಂದು, ನಡುವೆ ಆರು ಕಡ್ಡಿ. ದೊಡ್ಡವರ ಬಳೆ 4 ಅಡಿ ಉದ್ದ, ಮಕ್ಕಳದ್ದು ಎರಡೂವರೆ. ಗಂಟಿಗೆ ಸುತ್ತಲಿಯಾಗಲಿ ತಂತಿಯಾಗಲಿ ಬೇಡ. ಸುತ್ತಲಿ ಸಡಿಲವಾಗುತ್ತದೆ, ತಂತಿ ಚುಚ್ಚುತ್ತದೆ. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಎಳೆದು ಸುತ್ತಿದರೆ ಅಲುಗಾಡುವುದಿಲ್ಲ. ಹೀಗೆ ಮಾಡಿದ ದೊಡ್ಡ ಕುದುರೆ 1.6 ಕಿಲೋ ಬಂತು, ಮಕ್ಕಳದ್ದು ಒಂದು ಕಿಲೋಗಿಂತ ಕಡಿಮೆ.

ತಲೆಗೆ ಏನು ಹಾಕುವುದು ಅಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಅಮ್ಮ ಹಿತ್ತಿಲಿನಿಂದ ಅಡಿಕೆ ಹಾಳೆ ತಂದುಕೊಟ್ಟರು. ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಬೆಳಗ್ಗೆ ಮಡಚಿ ಹೊಲಿದರೆ ಕುದುರೆಯ ಮೂತಿ ತಾನಾಗಿ ಬರುತ್ತದೆ. ಒಣಗಿದ ಮೇಲೆ ಗಟ್ಟಿ. ಜೂಲಿಗೆ ತೆಂಗಿನ ನಾರು. ತಲೆ ಎಷ್ಟೇ ಹಗುರವಾದರೂ ಓಡುವಾಗ ಮುಂದಕ್ಕೆ ಬಾಗುತ್ತದೆ, ಅದಕ್ಕೆ ಬಾಲದ ಬುಡದಲ್ಲಿ ಒಂದು ಹಿಡಿ ಮರಳಿನ ಗಂಟು ಕಟ್ಟಿದೆ. ಎರಡೂ ಕಡೆ ಸಮ ಆಯಿತು. ಬಟ್ಟೆಯನ್ನು ಮೊದಲು ಪಾದದವರೆಗೆ ಬಿಟ್ಟಿದ್ದೆ, ನೋಡಲು ಚೆಂದ ಅಂತ. ಪರೀಕ್ಷೆಗೆ ಓಡಿದ ತಮ್ಮ ಅದಕ್ಕೆ ಕಾಲು ಸಿಕ್ಕಿಸಿಕೊಂಡು ಕಣದಲ್ಲಿ ಮುಗ್ಗರಿಸಿ ಮೊಣಕೈ ತರಚಿಕೊಂಡ. ಅವತ್ತೇ ಎಲ್ಲ ಬಟ್ಟೆಯನ್ನೂ ಮೊಣಕಾಲಿಗೆ ಕತ್ತರಿಸಿದೆ.

ಇನ್ನು ರೇಸು. ಏಳು ಜನ ಓಡುವವರು. ಎಂಟು ವರ್ಷದ ಹುಡುಗಿಯಿಂದ ಅರವತ್ತೆಂಟು ವರ್ಷದ ಅಮ್ಮನವರೆಗೆ. ಸುಮ್ನೆ ಸಾಲಾಗಿ ನಿಲ್ಲಿಸಿ ಓಡಿಸಿದರೆ ತಮ್ಮ ಇಲ್ಲವೇ ನನ್ನ ಮಗ ಗೆಲ್ಲುವುದು ಖಂಡಿತ. ಉಳಿದವರಿಗೆ ಒಂದೇ ಓಟಕ್ಕೆ ಬೇಜಾರು. ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಅಂತ ಮಾಡಿದರೆ ಅಮ್ಮ ಎಂದಿನ ಹಾಗೆ ಬುತ್ತಿ ಕಾಯುತ್ತಾ ಕೂರುತ್ತಾರೆ. ಅದು ನನಗೆ ಬೇಡವಾಗಿತ್ತು. ಎಲ್ಲರೂ ಒಂದೇ ರೇಸಿನಲ್ಲಿ ಓಡಬೇಕು, ಯಾರು ಬೇಕಾದರೂ ಗೆಲ್ಲುವಂತಿರಬೇಕು.

ದಾರಿ ತೋರಿಸಿದ್ದು ಅಪ್ಪ. ಅವರು ಹುಡುಗನಾಗಿದ್ದಾಗ ಏಲಕ್ಕಿ ಮಾರಲು ಮೈಸೂರಿಗೆ ಹೋಗುತ್ತಿದ್ದರು. ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸಿನಲ್ಲಿ ಕಂಬಿ ಹಿಡಿದುಕೊಂಡು ಓಟ ನೋಡಿದ್ದಾರೆ. ಕುದುರೆ ರೇಸಿನಲ್ಲಿ ಹ್ಯಾಂಡಿಕ್ಯಾಪ್ ಅಂತ ಇದೆ. ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ಭಾರ, ನಿಧಾನದ ಕುದುರೆಗೆ ಕಡಿಮೆ. ಜಾಕಿಯ ತೂಕ ಸಾಲದಿದ್ದರೆ ಜೀನಿನ ಜೊತೆ ಸೀಸದ ತುಂಡು ಸೇರಿಸಿ ಸರಿದೂಗಿಸುತ್ತಾರೆ. ಎಲ್ಲ ಕುದುರೆಗಳೂ ಗುರಿ ಹತ್ತಿರ ಒಟ್ಟಿಗೆ ಬರಲಿ ಅನ್ನುವುದೇ ಅದರ ಲೆಕ್ಕ. "ನೀನೂ ಹಾಗೇ ಮಾಡು" ಅಂದರು ಅಪ್ಪ. ದೂರವನ್ನು ಫರ್ಲಾಂಗಿನಲ್ಲೇ ಹೇಳಬೇಕು ಅನ್ನುವುದು ಅವರ ಇನ್ನೊಂದು ಷರತ್ತು. ಒಂದು ಫರ್ಲಾಂಗು ಅಂದರೆ ಸುಮಾರು 200 ಮೀಟರ್. ನಾವು ಕಾಲು ಫರ್ಲಾಂಗು ಇಟ್ಟುಕೊಂಡೆವು, 50 ಮೀಟರ್.

ಮೊದಲು ಭಾರ ಹಾಕಿಯೇ ನೋಡಿದೆವು. ತಮ್ಮನ ಕುದುರೆಯ ಎರಡೂ ಪಕ್ಕಕ್ಕೆ ಒಂದೂವರೆ ಕಿಲೋ ಅಕ್ಕಿಯ ಚೀಲ ಕಟ್ಟಿದೆ. ನಾಲ್ಕು ಹೆಜ್ಜೆಗೆ ಪಟ್ಟಿ ಹೆಗಲು ಕೊರೆಯಿತು, ಬಳೆ ಸೊಂಟಕ್ಕೆ ಬಡಿಯಿತು. ಮನುಷ್ಯರ ಓಟಕ್ಕೆ ಅದು ಆಗುವುದಿಲ್ಲ. ಅದರ ಬದಲು ನಿಲ್ಲುವ ಜಾಗ ಬದಲಾಯಿಸಿದೆ. ತೋಟದ ರಸ್ತೆಯಲ್ಲಿ 50 ಮೀಟರ್ ಅಳೆದು, ಕುದುರೆ ತೊಡಿಸಿ, ಒಬ್ಬೊಬ್ಬರನ್ನೇ ಓಡಿಸಿ ಮೊಬೈಲಿನಲ್ಲಿ ಸಮಯ ಹಿಡಿದೆ. ತಮ್ಮನಿಗೆ ಒಂಬತ್ತೂವರೆ ಸೆಕೆಂಡು, ಅವನೇ ಮುಂದು. ಅವನ ಮಗಳಿಗೆ 13. ಅಮ್ಮ ಓಡಲಿಲ್ಲ, ಬಿರುಸಾಗಿ ನಡೆದರು, 33 ಸೆಕೆಂಡು. ಇನ್ನು ಲೆಕ್ಕ ಸುಲಭ. ಒಂಬತ್ತೂವರೆ ಸೆಕೆಂಡಿನಲ್ಲಿ ಯಾರು ಎಷ್ಟು ದೂರ ಹೋಗುತ್ತಾರೋ, ಗುರಿಯಿಂದ ಅಷ್ಟೇ ದೂರದಲ್ಲಿ ಅವರನ್ನು ನಿಲ್ಲಿಸುವುದು. ಹುಡುಗಿಗೆ ಮೂವತ್ತಾರೂವರೆ ಮೀಟರ್ ಬಂತು. ಅಮ್ಮನಿಗೆ ಹದಿನಾಲ್ಕು ಚಿಲ್ಲರೆ. "ಅಷ್ಟು ಹತ್ತಿರವಾ?" ಅಂತ ಅಮ್ಮ ಕೇಳಿದರು. ಆಮೇಲೆ ಸಂಜೆ ಹೊತ್ತು ಯಾರಿಗೂ ಹೇಳದೆ ರಸ್ತೆಯಲ್ಲಿ ನಡೆದು ಅಭ್ಯಾಸ ಮಾಡುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ಶುಕ್ರವಾರ ಬಾಣೆಯಲ್ಲಿ ಹುಲ್ಲು ಸವರಿ ಜಾಗ ಸರಿಮಾಡಿ ಬಂದಿದ್ದೆವು. ಭಾನುವಾರ ಬೆಳಗ್ಗೆ ಎಂಟೂವರೆಗೆ ಹತ್ತಿ ನೋಡಿದರೆ ಅರ್ಧ ಜಾಗವನ್ನು ಕಾಡುಹಂದಿ ಅಗೆದು ಹಾಕಿತ್ತು. ಅಲ್ಲಿ ಓಡಿಸಿದರೆ ಕಾಲು ಮುರಿಯುವುದು ಗ್ಯಾರಂಟಿ. ಮೇಲಿನ ಏರು ಜಾಗಕ್ಕೆ ಹಗ್ಗ ಎಳೆದೆವು. ಈಗ ಯೋಚಿಸಿದರೆ ಮೊದಲೇ ಹಾಗೆ ಮಾಡಬೇಕಿತ್ತು. ಏರಿಗೆ ಓಡುವಾಗ ಬಿದ್ದರೂ ಅಂಗೈ ಊರುತ್ತದೆ, ಇಳಿಜಾರಿನಲ್ಲಿ ಬಿದ್ದರೆ ಉರುಳುವುದೇ. ಜಿಗಣೆಗೆ ಉಪ್ಪು, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು ಎಲ್ಲರ ಹತ್ತಿರವೂ ಇತ್ತು. ಅಕ್ಟೋಬರಿನಲ್ಲಿ ಕಡಿಮೆಯಾದರೂ ನೆರಳಿನ ಕಡೆ ಇದ್ದೇ ಇರುತ್ತವೆ.

ಶುರುಮಾಡಲು ಗುಂಡು ಹಾರಿಸೋಣ ಅಂದರು ಚಿಕ್ಕಪ್ಪ. ಮಕ್ಕಳಿರುವ ಕಡೆ ಬೇಡ ಅಂದೆ. ನನ್ನ ಕೈಯಲ್ಲಿ ಸೀಟಿ. ಅಪ್ಪ ಗುರಿಯ ಹಗ್ಗದ ಪಕ್ಕ ಕುರ್ಚಿ ಹಾಕಿ ಕೂತರು. ಎದುರು ಕಲ್ಲಿನ ಮೇಲೆ ಮೊಬೈಲ್ ಇಟ್ಟು ನಿಧಾನಗತಿಯ ವಿಡಿಯೋ ಹಾಕಿದ್ದೆವು. ಮೂಗು ಮೊದಲು ಹಗ್ಗ ದಾಟಿದ ಕುದುರೆಗೆ ಗೆಲುವು.

ಮೊದಲ ಓಟ ನಾನು ಅಂದುಕೊಂಡ ಹಾಗೆ ಆಗಲಿಲ್ಲ. ರಸ್ತೆಯ ಲೆಕ್ಕ ಏರಿಗೆ ಹೊಂದಲಿಲ್ಲ. ದೊಡ್ಡವರಿಗೆಲ್ಲ ಏರಿನಲ್ಲಿ ಉಸಿರು ಕಟ್ಟಿತು, ನಮ್ಮ ಯಜಮಾನರು ಅರ್ಧಕ್ಕೆ ನಡೆದರು. ಹುಡುಗಿ ಜಿಂಕೆಯ ಹಾಗೆ ಹತ್ತಿ ತುಂಬಾ ಮುಂದಾಗಿ ಗೆದ್ದಳು. ಅವಳಿಗೆ ಖುಷಿ, ಉಳಿದವರ ಮುಖ ಸಪ್ಪೆ. ಅಲ್ಲೇ ಮತ್ತೆ ಒಬ್ಬೊಬ್ಬರನ್ನೇ ಓಡಿಸಿ ಹೊಸದಾಗಿ ಸಮಯ ಹಿಡಿದೆ. ಒಂದು ಗಂಟೆ ಹೋಯಿತು. ಆದರೆ ಆ ಒಂದು ಗಂಟೆ ಕೊಡದಿದ್ದರೆ ದಿನವೇ ಹಾಳಾಗುತ್ತಿತ್ತು. ಎಲ್ಲಿ ಓಡಿಸುತ್ತೀರೋ ಅಲ್ಲೇ ಅಳೆಯಿರಿ.

ನಡುವೆ ಊಟ. ಕಡುಬು, ಕೋಳಿ ಸಾರು, ಸೂಜಿಮೆಣಸಿನ ಚಟ್ನಿ, ಬೆಲ್ಲದ ಕಾಫಿ. ಬುತ್ತಿ ಬಿಚ್ಚಿದ್ದು ತಮ್ಮನ ಹೆಂಡತಿ ಮತ್ತು ನನ್ನ ಮಗ. ಅಮ್ಮ ಕುದುರೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತೇ ಉಂಡರು.

ಎರಡನೇ ಓಟ ಹನ್ನೆರಡೂವರೆಗೆ. ಸೀಟಿ ಊದಿದೆ. ಮೊದಲ ನಾಲ್ಕೈದು ಸೆಕೆಂಡು ಬಾಣೆಯ ತುಂಬಾ ಚದುರಿದ ಹಾಗಿದ್ದ ಏಳು ಕುದುರೆಗಳು ಗುರಿಯ ಹತ್ತಿರ ಬರುವಾಗ ಒಂದೇ ಗುಂಪಾದವು. ಆ ನೋಟ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಕೆಂಪು ಸೀರೆಯ ಕುದುರೆ, ಹಳದಿ ಸೀರೆಯ ಕುದುರೆ, ನಡುವೆ ಅಮ್ಮ, ಸೆರಗು ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ಕತ್ತು ಮುಂದೆ ಚಾಚಿ. ಹಿಂದಿನಿಂದ ತಮ್ಮ ಉಸಿರು ಬಿಡುತ್ತಾ ಬರುವ ಸದ್ದು. ಅಪ್ಪ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

ಯಾರು ಗೆದ್ದರು ಅಂತ ಕಣ್ಣಿಗೆ ಗೊತ್ತಾಗಲಿಲ್ಲ. ವಿಡಿಯೋ ಹಾಕಿ ಎಲ್ಲರೂ ತಲೆಗೆ ತಲೆ ತಾಗಿಸಿ ನೋಡಿದೆವು. ಚಿಕ್ಕಪ್ಪನ ಹನ್ನೊಂದು ವರ್ಷದ ಮೊಮ್ಮಗನ ಕುದುರೆ ಮೊದಲು, ಒಂದು ಗೇಣು ಹಿಂದೆ ಅಮ್ಮನದ್ದು, ಅದರ ಪಕ್ಕಕ್ಕೇ ತಮ್ಮನದ್ದು. ಕೊನೆಯವರು ನಮ್ಮ ಯಜಮಾನರು, ಅವರೂ ಮೂರು ಹೆಜ್ಜೆಯಷ್ಟೇ ಹಿಂದೆ. ದುಡ್ಡಿನ ಪಂದ್ಯ ಬೇಡ ಅಂತ ನಾನು ಮೊದಲೇ ಹೇಳಿದ್ದೆ. ಬಹುಮಾನ ಒಂದು ಬುಟ್ಟಿ ಕಿತ್ತಳೆ, ತೋಟದಲ್ಲಿ ಮೊದಲು ಹಣ್ಣಾದದ್ದು. ಹುಡುಗ ಅದನ್ನು ಅಲ್ಲೇ ಎಲ್ಲರಿಗೂ ಹಂಚಿದ.

ಎರಡು ಗಂಟೆಗೆ ಪುಷ್ಪಗಿರಿಯ ಕಡೆ ಕಪ್ಪಾಯಿತು. ತುಲಾ ಮಾಸದ ಮಳೆ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆಗೇ ಬರುವುದು. ಬೋಳು ಬಾಣೆಯ ಮೇಲೆ ಸಿಡಿಲಿಗೆ ಸಿಕ್ಕಿಕೊಳ್ಳುವುದು ಅಪಾಯ. ಮೊದಲ ಗುಡುಗು ಕೇಳಿದ ಕೂಡಲೇ ಇಳಿಯಬೇಕು ಅಂತ ಬೆಳಗ್ಗೆಯೇ ಎಲ್ಲರಿಗೂ ಹೇಳಿದ್ದೆ, ಮೂರನೇ ಓಟ ಬೇಕು ಅಂತ ಮಕ್ಕಳು ಅತ್ತರೂ ಕೇಳಲಿಲ್ಲ. ಮನೆ ಸೇರುವಾಗ ಹನಿ ಶುರುವಾಗಿತ್ತು. ಅಡಿಕೆ ಹಾಳೆ ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಏಳು ತಲೆಗಳನ್ನೂ ಬಿಚ್ಚಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟೆ.

ರಾತ್ರಿ ಮಲಗುವ ಮುಂಚೆ ಅಮ್ಮ ಅಡುಗೆಮನೆಗೆ ಬಂದರು. "ಮುಂದಿನ ಸಲ ನನ್ನನ್ನ ಇನ್ನೂ ಎರಡು ಮೀಟರ್ ಹಿಂದೆ ನಿಲ್ಲಿಸು. ನಾನೂ ಓಡ್ತೀನಿ" ಅಂದರು.