ತಿಂಗಳುಗಟ್ಟಲೆ ತಿರುಗಾಟಕ್ಕೆ ಬ್ಯಾಕ್‌ಪ್ಯಾಕ್: ಆರಿಸುವ ಬಗೆ, ತುಂಬುವ ಬಗೆ

ಚೀಲ ಕೊಳ್ಳುವುದು ಕೊನೆಯ ಕೆಲಸ. ಮೊದಲು ಒಯ್ಯಬೇಕಾದದ್ದನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದನ್ನೂ ತೂಗಿ ಬರೆದಿಟ್ಟುಕೊಳ್ಳಿ. 65 ಲೀಟರಿನ ಚೀಲ ಮೊದಲೇ ಮನೆಗೆ ಬಂದರೆ ಮಿಕ್ಕ ಜಾಗವನ್ನೆಲ್ಲ ‘ಬೇಕಾದೀತು’ ಎನ್ನುವ ವಸ್ತುಗಳೇ ನುಂಗಿಬಿಡುತ್ತವೆ. ಟೆಂಟು, ಅಡುಗೆ ಸಾಮಾನು ಹೊರದೆ ಕೋಣೆಗಳಲ್ಲಿ ತಂಗುವವರಿಗೆ 35ರಿಂದ 40 ಲೀಟರ್ ಸಾಕು. ತಿಂಗಳಿಗೂ ಅಷ್ಟೇ, ವರ್ಷಕ್ಕೂ ಅಷ್ಟೇ; ಹೇಗೂ ದಾರಿಯಲ್ಲಿ ಬಟ್ಟೆ ಒಗೆಯಲೇಬೇಕು.

ಚೀಲದ ಅಳತೆಯನ್ನು ನಿಮ್ಮ ಎತ್ತರ ನೋಡಿ ಆರಿಸಬೇಡಿ, ಬೆನ್ನಿನ ಉದ್ದ ನೋಡಿ ಆರಿಸಿ. ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಬೆನ್ನುಮೂಳೆಯ ಮೇಲೆಯೇ ಟೇಪು ಹಿಡಿದು ಬೇರೊಬ್ಬರಿಂದ ಅಳೆಸಿ. ಒಂದೇ ಎತ್ತರದ ಇಬ್ಬರಲ್ಲಿ ಈ ಅಳತೆ ಬೇರೆಬೇರೆ ಇರಬಹುದು.

ಅಂಗಡಿಯಲ್ಲಿ ಖಾಲಿ ಚೀಲ ಹಾಕಿ ನೋಡಿದರೆ ಏನೂ ತಿಳಿಯದು. ಏಳೆಂಟು ಕೆಜಿ ತುಂಬಿಸಿ, ಪಟ್ಟಿಗಳನ್ನೆಲ್ಲ ಸಡಿಲಿಸಿ ಹೆಗಲಿಗೇರಿಸಿ. ಮೊದಲು ಸೊಂಟದ ಪಟ್ಟಿ ಬಿಗಿಯಿರಿ: ಅದರ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಕೂತರೆ ಉಸಿರು ಕಟ್ಟುತ್ತದೆ, ಭಾರ ಹೆಗಲಿಗೇ ಬರುತ್ತದೆ. ಆಮೇಲೆ ಹೆಗಲ ಪಟ್ಟಿ, ಕೊನೆಗೆ ಎದೆಯ ಪಟ್ಟಿ. ಭಾರದ ಬಹುಪಾಲನ್ನು ಸೊಂಟ ಹೊರಬೇಕು. ಹೆಗಲ ಪಟ್ಟಿ ಚೀಲವನ್ನು ಬೆನ್ನಿಗೆ ಆನಿಸಿ ಹಿಡಿದರೆ ಸಾಕು. ಕೈಬೆರಳು ಜೋಮು ಹಿಡಿದರೆ ಹೆಗಲ ಮೇಲೆ ಭಾರ ಹೆಚ್ಚಾಗಿದೆ ಎಂದೇ ತಿಳಿಯಿರಿ. ಹೆಗಲ ಪಟ್ಟಿಗೂ ಹೆಗಲ ಮೇಲ್ಭಾಗಕ್ಕೂ ನಡುವೆ ಸಂದು ಕಂಡರೆ ಆ ಚೀಲ ನಿಮ್ಮ ಬೆನ್ನಿಗೆ ಉದ್ದವಾಯಿತು. ಕೆಲವು ಚಿಕ್ಕ ಚೀಲಗಳಿಗೆ ಸೊಂಟದಲ್ಲಿ ಬರೀ ತೆಳು ಲಾಡಿಯಂಥ ಪಟ್ಟಿ ಇರುತ್ತದೆ. ಅದು ಚೀಲ ಓಲಾಡದಂತೆ ತಡೆಯುತ್ತದೆ, ಭಾರ ಹೊರುವುದಿಲ್ಲ.

ಸೂಟ್‌ಕೇಸಿನಂತೆ ಪೂರ್ತಿ ತೆರೆಯುವ ಚೀಲವೇ ಒಳ್ಳೆಯದು. ಮೇಲಿನಿಂದ ಮಾತ್ರ ತೆರೆಯುವುದಾದರೆ ತಳದಲ್ಲಿರುವ ಒಂದು ಕಾಲುಚೀಲಕ್ಕಾಗಿ ಎಲ್ಲವನ್ನೂ ಹೊರಗೆ ಸುರಿಯಬೇಕಾಗುತ್ತದೆ. ಖಾಲಿ ಚೀಲದ ತೂಕವನ್ನೂ ನೋಡಿ. ಹಲವು ವಿಮಾನಗಳಲ್ಲಿ ಒಳಗೆ ಜೊತೆಗೇ ಒಯ್ಯುವ ಕೈಚೀಲಕ್ಕೆ 7 ಕೆಜಿ ಮಿತಿ. ಚೀಲವೇ 2 ಕೆಜಿ ತೂಗಿದರೆ ನಿಮಗೆ ಉಳಿಯುವುದು 5. ಒಂದೂವರೆ ಕೆಜಿ ದಾಟದಿರಲಿ.

ಬಟ್ಟೆ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಮೂರು ಅಂಗಿ, ಎರಡು ಪ್ಯಾಂಟು, ನಾಲ್ಕು ಒಳಉಡುಪು, ಮೂರು ಜೊತೆ ಕಾಲುಚೀಲ, ಒಂದು ಬೆಚ್ಚನೆಯ ಮೇಲಂಗಿ, ಒಂದು ತೆಳು ಮಳೆಕೋಟು: ಉಟ್ಟದ್ದೂ ಸೇರಿ ಇಷ್ಟು. ಚಳಿಗೆ ದಪ್ಪ ಕೋಟು ಬೇಡ, ಇವನ್ನೇ ಒಂದರ ಮೇಲೊಂದು ಹಾಕಿಕೊಳ್ಳಿ. ಜೀನ್ಸ್ ತೂಕವೂ ಹೆಚ್ಚು, ಒಣಗುವುದೂ ನಿಧಾನ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೇಗ ವಾಸನೆ ಹಿಡಿಯುತ್ತದೆ. ಮೆರಿನೋ ಉಣ್ಣೆ (ಮೆರಿನೋ ತಳಿಯ ಕುರಿಯ ನಯವಾದ ಉಣ್ಣೆ) ವಾಸನೆ ತಡೆಯುತ್ತದೆ, ಆದರೆ ದುಬಾರಿ, ಸವೆತವೂ ಬೇಗ. ಒಗೆದದ್ದನ್ನು ಒಣ ಟವೆಲಿನಲ್ಲಿ ಸುತ್ತಿ ಬಲವಾಗಿ ಹಿಂಡಿದರೆ ಒಣಗುವ ಹೊತ್ತು ಬಹಳ ಕಡಿಮೆಯಾಗುತ್ತದೆ.

ತುಂಬುವಾಗ ಭಾರದ ವಸ್ತುಗಳು ಬೆನ್ನಿಗೆ ಅಂಟಿಕೊಂಡಂತೆ, ಚೀಲದ ನಡುಎತ್ತರದಲ್ಲಿರಲಿ. ಹೊರಗಿನ ಜೇಬಿಗೆ ಹಾಕಿದರೆ ಚೀಲ ಹಿಂದಕ್ಕೆ ಜಗ್ಗುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ಸಂಜೆಗೆ ಸೊಂಟ ನೋಯುತ್ತದೆ. ಬಟ್ಟೆ ತಳಕ್ಕೆ, ಮಳೆಕೋಟು ಎಲ್ಲಕ್ಕಿಂತ ಮೇಲೆ. ಬಟ್ಟೆ ಒತ್ತುವ ಪೌಚುಗಳು ಗಾತ್ರ ಇಳಿಸುತ್ತವೆ, ತೂಕ ಇಳಿಸುವುದಿಲ್ಲ. ಜಾಗ ಉಳಿಯಿತೆಂದು ಇನ್ನಷ್ಟು ತುರುಕಬೇಡಿ. ಮಳೆಯ ಕವರನ್ನೇ ನಂಬಿದರೆ ನೀರು ಬೆನ್ನಿನ ಬದಿಯಿಂದ ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಸಿ ಅದರೊಳಗೇ ಎಲ್ಲವನ್ನೂ ತುಂಬಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ ಶಕ್ತಿಯ ಅಳತೆ). 20,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕಿನದು ಸುಮಾರು 74 ವ್ಯಾಟ್-ಅವರ್. ಔಷಧಿಯನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯ ಜೊತೆ ಒಯ್ಯಿರಿ.

ಹೊರಡುವ ವಾರ ಮೊದಲೇ ಪೂರ್ತಿ ತುಂಬಿದ ಚೀಲ ಹೊತ್ತು ಒಂದು ಗಂಟೆ ನಡೆಯಿರಿ, ನಾಲ್ಕು ಮಹಡಿ ಹತ್ತಿ ಇಳಿಯಿರಿ. ಪ್ರವಾಸ ಹೊರಟು ಎರಡು ವಾರವಾದರೂ ಮುಟ್ಟದ ವಸ್ತುವಿದ್ದರೆ ಮನೆಗೆ ಪಾರ್ಸೆಲ್ ಮಾಡಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ. ಮಳೆಕೋಟು ಮತ್ತು ಔಷಧಿಗೆ ಮಾತ್ರ ಈ ಲೆಕ್ಕ ಹಚ್ಚಬೇಡಿ.